ಅಂಗಳದ ಮುಳ್ಳುಗಿಡ

ಮುಳ್ಳುಗಿಡವನ್ನು ಕಂಡಲ್ಲಿ ಕಿತ್ತೊಗೆಯುವುದು ನಮ್ಮವರ ವಾಡಿಕೆ. ಬಯಲುಸೀಮೆಯ ಬೀಳುನೆಲದಲ್ಲಿ ಬ್ರಹ್ಮದಂಡೆ ತಾನಾಗಿ ಬೆಳೆಯುವುದು. ಅದನ್ನು ಮದ್ದಿಗೆಂದು ತರುವವರುಂಟೇ ಹೊರತು ಅಂಗಳದಲ್ಲಿ ನೆಟ್ಟವರನ್ನು ನಾವು ಕಂಡಿಲ್ಲ. ಆದರೆ ನಾವು ಸಂಸಾರಸಮೇತರಾಗಿ ಬಂದು ನೆಲೆಸಿರುವ ಇಂಗ್ಲೆಂಡಿನಲ್ಲಿ ಅದೇ ಕುಲದ ಇನ್ನೊಂದು ಗಿಡಕ್ಕೆ ಹೂದೋಟದಲ್ಲಿ ಮರ್ಯಾದೆಯ ಸ್ಥಾನವಿದೆ. ಎಕಿನಾಪ್ಸ್ ರಿಟ್ರೋ ಎಂದು ಅದರ ಶಾಸ್ತ್ರೀಯ ನಾಮ.

ಚಳಿಗಾಲದಲ್ಲಿ ಇದರ ದಂಟೆಲ್ಲ ಒಣಗಿಹೋದರೂ ಬೇರು ಹಿಮದಡಿಯಲ್ಲಿ ಜೀವ ಹಿಡಿದಿದ್ದು ವಸಂತದಲ್ಲಿ ಮರಳಿ ಚಿಗುರುವುದು. ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದ ಶೀತವನ್ನೂ ಇದು ತಾಳಬಲ್ಲುದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎರಡು ಮೂರು ಅಡಿ ಎತ್ತರದ ದಂಟುಗಳ ತುದಿಯಲ್ಲಿ ಉಕ್ಕಿನ ನೀಲಿಬಣ್ಣದ ದುಂಡುಹೂಗಳು ಅರಳುವುವು. ಆಗ ದಿನವೆಲ್ಲ ಜೇನ್ನೊಣಗಳ ಸಂತೆ.

ಇದರ ಪೋಷಣೆಯಲ್ಲಿ ಮುಖ್ಯವಾದುದು ಉಪಚಾರವನ್ನು ಮಿತಗೊಳಿಸುವುದು. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ, ಸಾರ ಕಡಿಮೆಯಾದ ನೆಲವೇ ಇದಕ್ಕೆ ಹಿತ. ಗೊಬ್ಬರ ಹೆಚ್ಚಾದರೆ ದಂಟು ಸೊಕ್ಕಿ ಬೆಳೆದು ನೆಲಕ್ಕೊರಗುವುದು. ಚಳಿಗೆ ಅಳುಕದ ಬೇರು ಚಳಿಗಾಲದ ಕೆಸರಿನಲ್ಲಿ ಕೊಳೆತುಹೋಗುವುದುಂಟು. ಇದು ಹೊಲಗಳಿಗೆ ಹಬ್ಬುವ ಕಳೆಯೆಂದು ನೆರೆಯವರು ಶಂಕಿಸಿದರು. ಈ ದೇಶದ 1959ರ ಕಳೆಗಳ ಕಾಯಿದೆಯಲ್ಲಿ ಹೆಸರಿಸಿರುವ ಮುಳ್ಳುಗಿಡಗಳು ಬೇರೆ ಜಾತಿಯವೆಂದು ತಿಳಿದ ಮೇಲೆ ಸಮಾಧಾನಗೊಂಡರು.

ಮಕ್ಕಳು ಓಡಾಡುವೆಡೆಯಲ್ಲಿ ಮುಳ್ಳೇಕೆಂದು ನಮ್ಮ ಅತ್ತೆಯವರೂ ಆಕ್ಷೇಪಿಸಿದ್ದರು. ಅದಕ್ಕಾಗಿ ಕಾಲುದಾರಿಯಿಂದ ದೂರದಲ್ಲಿಯೇ ನೆಟ್ಟೆವು. ಮೊದಲ ಹೂ ಅರಳಿದಂದು ಅವರು ಬಹಳ ಹೊತ್ತು ನಿಂತು ನೋಡಿ, "ಇದು ನಮ್ಮೂರ ಬ್ರಹ್ಮದಂಡೆಯ ಬಳಗವಲ್ಲವೇ!" ಎಂದರು. ಈ ದೇಶಕ್ಕೆ ಬಂದಮೇಲೆ ಅವರು ತಾವಾಗಿ ಗುರುತು ಹಿಡಿದ ಮೊದಲನೆಯ ಗಿಡ ಅದು. ಅಂದಿನಿಂದ ಅದರ ಯೋಗಕ್ಷೇಮ ಅವರದೇ.

ಈಗ ನಾವು ಈ ಮನೆಯನ್ನು ಬಿಡಬೇಕಾಗಿದೆ. ತಾಯಿಬೇರು ಆಳಕ್ಕಿಳಿದ ಹಳೆಯ ಗಿಡವನ್ನು ಕಿತ್ತು ನೆಟ್ಟರೆ ಅದು ಸುಲಭವಾಗಿ ಒಗ್ಗದು. ಆದರೆ ಚಳಿಗಾಲದಲ್ಲಿ ಬಲಿತ ಬೇರನ್ನು ಎರಡಂಗುಲದ ತುಂಡುಗಳಾಗಿ ಕತ್ತರಿಸಿ, ಮೇಲ್ತುದಿ ಮೇಲಕ್ಕೇ ಇರುವಂತೆ ಮರಳುಬೆರಸಿದ ಮಣ್ಣಿನಲ್ಲಿ ನಿಲ್ಲಿಸಿದರೆ ವಸಂತಕ್ಕೆ ಚಿಗುರುವುವು. ಅತ್ತೆಯವರು ಆರು ಕುಂಡಗಳನ್ನು ಸಿದ್ಧಪಡಿಸಿದ್ದಾರೆ: ಐದು ನಮ್ಮೊಡನೆ ಬರುವುವು, ಒಂದು ಶಂಕಿಸಿದ ನೆರೆಯವರಿಗೆ. ನೆಲದಲ್ಲುಳಿದ ಬೇರು ಮುಂದೆ ಬರುವ ಒಕ್ಕಲಿಗೆ ಹೂ ಕೊಡಲಿ.