ಎರಡು ಸೀಟಿನ ಕಾರು: ಹಳೇದಾ, ಹೊಸದಾ?

1/5
ಈ ಫೋಟೋದಲ್ಲಿ ಸಾಲಾಗಿ ನಿಂತಿರೋ ನಾಲ್ಕೂ ಕಾರಿಗೆ ಹೆಸರು ಒಂದೇ, ಮಜ್ದಾ ಎಂಎಕ್ಸ್-5. ಎಡದಿಂದ ಬಲಕ್ಕೆ ನಾಲ್ಕು ತಲೆಮಾರು. ಹೋದ ಪೋಸ್ಟ್ ನೋಡಿ ಮೆಸೇಜ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಸೆಕೆಂಡ್ ಹ್ಯಾಂಡ್ ತಗೋಬೇಕು ಅಂತಿದೀನಿ, ಹಳೇದು ತಗೊಳ್ಲಾ ಹೊಸದು ತಗೊಳ್ಲಾ?" ಒಂದು ಸಾಲಿನ ಉತ್ತರ ಕೊಟ್ಟರೆ ನಿಮಗೇ ನಷ್ಟ. ಸ್ವಲ್ಪ ಉದ್ದ ಆಗುತ್ತೆ, ಟೀ ಹಿಡ್ಕೊಂಡು ಓದಿ.

ಗೊತ್ತಿಲ್ಲದವರಿಗೆ: ಎರಡೇ ಸೀಟು, ಬಟ್ಟೆ ಟಾಪ್, ಎಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಇಲ್ಲಿ ಇಂಗ್ಲೆಂಡಿನಲ್ಲಿ ತಲೆಮಾರುಗಳನ್ನ ಮಾರ್ಕ್ 1, 2, 3, 4 ಅಂತ ಎಣಿಸ್ತಾರೆ. ಮಾರ್ಕ್ 1 ಅಂದ್ರೆ 1989ರಿಂದ 1997. ಮಾರ್ಕ್ 2, 1998ರಿಂದ 2005. ಮಾರ್ಕ್ 3, 2005ರಿಂದ 2015. ಆಮೇಲಿನದು ಮಾರ್ಕ್ 4. 2016ರಲ್ಲಿ ಹತ್ತು ಲಕ್ಷದ ಕಾರು ಫ್ಯಾಕ್ಟರಿಯಿಂದ ಹೊರಗೆ ಬಂತು. ಹಾಗಾಗಿ ಇಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗೆ ಬರವಿಲ್ಲ, ಆರಿಸೋದೇ ಕಷ್ಟ.

ಊರಿನಿಂದ ಕೇಳಿದವರಿಗೆ ಒಂದು ಮಾತು. ಈ ಕಾರನ್ನ ಮಜ್ದಾ ಭಾರತದಲ್ಲಿ ಮಾರಿಲ್ಲ. ನಾವು ಇಲ್ಲಿ ಓಡಿಸಿ, ಆಮೇಲೆ ಊರಿಗೆ ಸಾಗಿಸೋಣ ಅಂದ್ರೂ ಮೂರು ವರ್ಷಕ್ಕಿಂತ ಹಳೇ ಗಾಡಿಯನ್ನ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಇಲ್ಲಿದ್ದಷ್ಟು ದಿನದ ಸುಖ ಇದು.

2/5
ಎರಡನೇ ಫೋಟೋ ಮಾರ್ಕ್ 1. ಎಲ್ಲರ ಮನಸ್ಸೂ ಮೊದಲು ಹೋಗೋದು ಇದರ ಕಡೆಗೇ. ಹೆಡ್‌ಲೈಟ್ ಬೇಕಾದಾಗ ಮೇಲೇಳುತ್ತೆ, ಬೇಡವಾದಾಗ ಮಲಗುತ್ತೆ. ತೂಕ ಒಂದು ಟನ್ನಿಗಿಂತ ಕಡಿಮೆ, 1.6 ಲೀಟರಿನ ಎಂಜಿನ್, ಸುಮಾರು 115 ಕುದುರೆ ಶಕ್ತಿ. ಕಾಗದದ ಮೇಲೆ ಏನೂ ಅಲ್ಲ. ಆದರೆ ಮ್ಯಾಂಚೆಸ್ಟರ್ ಹತ್ತಿರದ ಸ್ನೇಕ್ ಪಾಸ್‌ನಲ್ಲಿ ಒಂದು ಸಲ ಎರಡನೇ ಗೇರಿನಿಂದ ಮೂರನೇದಕ್ಕೆ ಹಾಕಿ ನೋಡಿ. ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ಗೇರ್ ಬಿದ್ದಿರುತ್ತೆ. ಚಾರ್ಮಾಡಿ ಘಾಟಿಯಲ್ಲಿ ಬೈಕ್ ಓಡಿಸಿದವರಿಗೆ ಈ ಖುಷಿ ತಕ್ಷಣ ಅರ್ಥ ಆಗುತ್ತೆ. ಇಲ್ಲಿ ಸ್ಪೀಡ್ ಮುಖ್ಯ ಅಲ್ಲ, ತಿರುವು ಮುಖ್ಯ.

ಈಗ ಕೆಟ್ಟ ಸುದ್ದಿ. ಈ ಕಾರನ್ನ ಕೊಲ್ಲೋದು ಸಾಮಾನ್ಯವಾಗಿ ಎಂಜಿನ್ ಅಲ್ಲ, ತುಕ್ಕು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಎರಚ್ತಾರೆ. ಅದು ಕೆಳಗಿನಿಂದ ತಿನ್ನುತ್ತೆ. ಮೇಲಿನಿಂದ ಮಳೆನೀರು. ಬಟ್ಟೆ ಟಾಪ್ ಮೇಲೆ ಬಿದ್ದ ನೀರು ಇಳಿದುಹೋಗೋಕೆ ಸೀಟಿನ ಹಿಂದೆ ಎರಡೂ ಕಡೆ ಸಣ್ಣ ಕೊಳವೆ ಇದೆ. ಎಲೆ, ಕಸ ಸೇರಿ ಅದು ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನ ಒಳಗಿಂದ ಕೊಳೆಸುತ್ತೆ. ಈ ಪಟ್ಟಿಗೆ ಇಲ್ಲಿ ಸಿಲ್ ಅಂತಾರೆ. ಹೊರಗೆ ಬಣ್ಣ ಫಳಫಳ, ಒಳಗೆ ಹಪ್ಪಳ. ಟಿಂಕರಿಂಗ್, ವೆಲ್ಡಿಂಗ್ ಬಿಲ್ ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟುತ್ತೆ. ಮಾರ್ಕ್ 2ರದ್ದೂ ಇದೇ ಕಥೆ. ಅದರಲ್ಲಿ ಮುಂದಿನ ಚಾಸಿ ಕೂಡ ನೋಡಬೇಕು. ಎರಡರಲ್ಲೂ ಟೈಮಿಂಗ್ ಬೆಲ್ಟ್ ಇದೆ, ಸುಮಾರು 60,000 ಮೈಲಿಗೊಮ್ಮೆ ಬದಲಾಯಿಸಬೇಕು.

3/5
ಮೂರನೇ ಫೋಟೋ ಮಾರ್ಕ್ 4. ಕಾರು ಹೊಸದಾದಷ್ಟೂ ದಪ್ಪ ಆಗುತ್ತೆ ಅನ್ನೋ ರೂಢಿಯನ್ನ ಇದು ಮುರೀತು. ಉದ್ದ 3,915 ಮಿಲಿಮೀಟರ್. ಮಾರ್ಕ್ 1ಕ್ಕಿಂತ ಗಿಡ್ಡ, ನಮ್ಮೂರ ಬಲೆನೊಗಿಂತಲೂ ಗಿಡ್ಡ. ತೂಕ ಮತ್ತೆ ಒಂದು ಟನ್ನಿನ ಆಸುಪಾಸಿಗೆ ಬಂತು. 2018ರಲ್ಲಿ 2.0 ಲೀಟರಿನ ಎಂಜಿನ್ 184 ಕುದುರೆ ಶಕ್ತಿಗೆ ಏರಿತು, 7,500 ಆರ್‌ಪಿಎಂವರೆಗೆ ಎಳೀಬಹುದು. ಅದೇ ಬದಲಾವಣೆಯಲ್ಲಿ ಸ್ಟೀರಿಂಗ್‌ನ್ನ ಹತ್ತಿರಕ್ಕೆ ಎಳ್ಕೊಳ್ಳೋ ಸೌಲಭ್ಯವೂ ಬಂತು. ಆರಡಿ ಇರೋರು 2018ಕ್ಕೆ ಹಿಂದಿನದನ್ನ ಕೂತು ನೋಡದೆ ತಗೋಬೇಡಿ. ಮೊದಮೊದಲ ಮಾರ್ಕ್ 4ಗಳಲ್ಲಿ ಕೆಲವಕ್ಕೆ ಗೇರ್‌ಬಾಕ್ಸ್ ಬದಲಾಯಿಸಬೇಕಾಗಿ ಬಂದಿದೆ, ಸರ್ವಿಸ್ ಪುಸ್ತಕ ಓದಿ.

ದುಡ್ಡಿದ್ದರೆ ಕಣ್ಮುಚ್ಚಿ ಮಾರ್ಕ್ 4 ಅಂತ ಹೇಳಬಹುದಿತ್ತು. ಹೇಳಲ್ಲ. ಯಾಕಂದ್ರೆ ಹಳೇದು ನಿಮ್ಮ ಸಮಯ ಕೇಳುತ್ತೆ, ಹೊಸದು ನಿಮ್ಮ ದುಡ್ಡು ಕೇಳುತ್ತೆ. ಶನಿವಾರ ಕಾರಿನ ಕೆಳಗೆ ಮಲಗೋದು ನಿಮಗೆ ಹಬ್ಬ ಅನಿಸಿದರೆ ಹಳೇದರಲ್ಲಿ ನಷ್ಟವಿಲ್ಲ. ಶನಿವಾರ ಮಗುವನ್ನ ಈಜಿಗೆ ಬಿಟ್ಟು, ತರಕಾರಿ ತಂದು, ಊರಿಗೆ ಫೋನ್ ಮಾಡಿ ಮುಗಿಸೋ ಹೊತ್ತಿಗೆ ಸಂಜೆ ಆಗೋರಿಗೆ ಅದೇ ಕಾರು ಗ್ಯಾರೇಜಿನಲ್ಲಿ ಕೂತು ಅಣಕಿಸುತ್ತೆ. ಲಂಡನ್‌ನಲ್ಲಿರೋರಿಗೆ ಇನ್ನೊಂದು ಲೆಕ್ಕ: 2023ರ ಆಗಸ್ಟ್‌ನಿಂದ ಇಡೀ ಲಂಡನ್‌ ಯುಲೆಜ್ ವಲಯ. ಹೊಗೆಯ ಮಟ್ಟ ಮೀರಿದ ಹಳೇ ಗಾಡಿ ಓಡಿಸಿದ ದಿನಕ್ಕೆ 12.50 ಪೌಂಡ್. ಪೆಟ್ರೋಲ್ ಕಾರಾದರೆ ಸಾಮಾನ್ಯವಾಗಿ 2005ರ ನಂತರದವು ಪಾಸ್.

4/5
ಇಷ್ಟೂ ಲೆಕ್ಕ ನಾನೂ ಹಾಕಿದ್ದೆ. ಕೈಲಿದ್ದದ್ದು 5,000 ಪೌಂಡ್. ಅದರಲ್ಲಿ ಒಳ್ಳೇ ಮಾರ್ಕ್ 4 ಸಿಗಲ್ಲ. 1990ರ ಒಂದು ಕೆಂಪು ಮಾರ್ಕ್ 1 ನೋಡಿ ಬಂದಿದ್ವಿ. ಮಾರೋರು ಸಜ್ಜನರು, ಗಾಡಿಯೂ ಗಟ್ಟಿ. ನನ್ನ ಜೊತೆ ಬಂದಿದ್ದ ಹದಿಮೂರರ ಮಗಳು ಹೆಡ್‌ಲೈಟ್ ಮೇಲೆದ್ದಾಗ "ಪಪ್ಪಾ, ಕಣ್ಣು ಬಿಡ್ತು!" ಅಂತ ಕುಣಿದಿದ್ದಳು.

ನಮ್ಮನೆಯವಳು ಕೆಲಸ ಮಾಡೋದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ರೀ, ಪಕ್ಕದ ಸೀಟಿಗೆ ಏರ್‌ಬ್ಯಾಗ್ ಇದೆಯಾ?"

ಪಕ್ಕದ ಸೀಟಿಗಷ್ಟೇ ಅಲ್ಲ, ಓಡಿಸೋರಿಗೂ ಇರಲಿಲ್ಲ. ಎಬಿಎಸ್ ಇಲ್ಲ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಹಿಡಿಯೋ ಎಲೆಕ್ಟ್ರಾನಿಕ್ಸ್ ಇಲ್ಲ. "ಮೂವತ್ತು ಚಿಲ್ಲರೆ ವರ್ಷ ಜನ ಓಡಿಸಿದಾರಲ್ಲ" ಅಂದೆ. ಅವಳು ಜಗಳ ಆಡಲಿಲ್ಲ. "ನೀವೊಬ್ರೇ ಹೋಗೋದಾದ್ರೆ ಯಾವ್ದಾದ್ರೂ ತಗೊಳ್ಳಿ. ಅವಳನ್ನ ಕೂರಿಸ್ಕೊಂಡು ಹೋಗೋದಾದ್ರೆ ನನ್ನ ಕೇಳಿ ತಗೊಳ್ಳಿ" ಅಂದಳು, ನೈಟ್ ಡ್ಯೂಟಿಗೆ ಹೊರಟಳು.

ಆ ರಾತ್ರಿ ನನ್ನ ಲೆಕ್ಕದ ಹಾಳೆಯ ಎಲ್ಲಾ ಕಾಲಂ ಮೇಲೆ ಇನ್ನೊಂದು ಕಾಲಂ ಬಂತು. ಮೂರು ಜನರ ಮನೆಗೆ ಎರಡು ಸೀಟಿನ ಕಾರು ತರುವಾಗ ಒಬ್ಬರು ಯಾವಾಗಲೂ ಮನೇಲಿ ಉಳೀತಾರೆ. ಉಳಿಯೋರು ನಿಶ್ಚಿಂತೆಯಿಂದ ಇರಬೇಕು ಅನ್ನೋದೂ ಕಾರಿನ ಬೆಲೆಯಲ್ಲಿ ಸೇರಿದೆ. ನನ್ನ ಪ್ರಾಣದ ಅಪಾಯ ನಾನು ಒಪ್ಪಿಕೊಳ್ಳಬಹುದು. ಹದಿಮೂರರ ಹುಡುಗಿಯ ಪರವಾಗಿ, ಅದೂ ಹೆಡ್‌ಲೈಟಿನ ಚಂದಕ್ಕೆ, ಒಪ್ಪಿಕೊಳ್ಳೋ ಹಕ್ಕು ನನಗಿಲ್ಲ.

5/5
ಕೊನೇ ಫೋಟೋ ನಮ್ಮ ಕಾರು. 2010ರ ಮಾರ್ಕ್ 3, ಬೆಳ್ಳಿ ಬಣ್ಣ. ಅಭಿಮಾನಿಗಳ ಮಧ್ಯೆ ಇದು ಮಲಮಗು. ತೂಕ 1,100 ಕೆಜಿ ಹತ್ತಿರ, ಮುಖ ಸ್ವಲ್ಪ ಉಬ್ಬಿದ ಹಾಗೆ, "ದಪ್ಪಗಿದೆ" ಅಂತ ಎಲ್ಲರೂ ಮೂಗು ಮುರೀತಾರೆ. ಅದಕ್ಕೇ ನನ್ನ ದುಡ್ಡಿಗೆ ಸಿಕ್ಕಿತು. 2.0 ಲೀಟರ್, ಬೆಲ್ಟ್ ಬದಲು ಚೈನ್, ಏರ್‌ಬ್ಯಾಗ್, ಎಬಿಎಸ್, ಜಾರದಂತೆ ತಡೆಯೋ ವ್ಯವಸ್ಥೆ. ಈ ಕೊನೆಯದು ಎಲ್ಲಾ ಮಾರ್ಕ್ 3ರಲ್ಲೂ ಇರಲ್ಲ, ಡ್ಯಾಶ್‌ನಲ್ಲಿ ಬಟನ್ ಇದೆಯಾ ನೋಡಿ. ಸ್ಟೀರಿಂಗ್ ಹೈಡ್ರಾಲಿಕ್, ರಸ್ತೆ ಕೈಗೆ ತಿಳಿಯುತ್ತೆ.

ಮಗಳು ಮೊದಲ ದಿನ "ಇದು ಕಣ್ಣು ಮುಚ್ಚಲ್ವಾ?" ಅಂತ ಕೇಳಿ ಮುಖ ಸಣ್ಣ ಮಾಡಿದಳು. ನನಗೂ ಕೆಂಪು ಕಾರಿನ ಆಸೆ ಹೋಗಿಲ್ಲ, ಸುಳ್ಳು ಹೇಳಲ್ಲ.

ನೀವು ಯಾವ ತಲೆಮಾರು ನೋಡಿದರೂ ಇಷ್ಟು ಮಾಡಿ. ಮೊದಲು ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಎಂಒಟಿ ಇತಿಹಾಸ ತೆಗೀರಿ. ಪುಕ್ಕಟೆ. ಎಂಒಟಿ ಅಂದ್ರೆ ನಮ್ಮೂರ ಎಫ್‌ಸಿ ಥರ, ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ. "ತುಕ್ಕು" ಅನ್ನೋ ಎಚ್ಚರಿಕೆ ವರ್ಷ ವರ್ಷ ಬಂದು ಇದ್ದಕ್ಕಿದ್ದ ಹಾಗೆ ಮಾಯ ಆಗಿದ್ದರೆ, ರಿಪೇರಿ ಮಾಡಿದ ಬಿಲ್ ಕೇಳಿ. ಹೋಗುವಾಗ ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ತಗೊಂಡು ಹೋಗಿ; ಸಿಲ್‌ಗೆ ಅಂಟದಿದ್ದರೆ ಒಳಗಿರೋದು ಲೋಹ ಅಲ್ಲ, ಪುಟ್ಟಿ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿ, ಒದ್ದೆ ಇರಬಾರದು. ನೀರಿನ ಕೊಳವೆಗೆ ಅರ್ಧ ಲೋಟ ನೀರು ಹಾಕಿ, ಕಾರಿನ ಕೆಳಗೆ ಸುರೀಬೇಕು.

ಇದೆಲ್ಲಕ್ಕೂ ಮುಂಚೆ ಮನೇಲಿ ಕೂತು ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ ಅಂತ ತೀರ್ಮಾನಿಸಿ. ಯಾರೂ ಇಲ್ಲ ಅಂದ್ರೆ ಮಾರ್ಕ್ 1 ನೋಡೋಕೆ ನಿಸ್ಸಂಕೋಚವಾಗಿ ಹೋಗಿ, ನನ್ನನ್ನೂ ಕರೀರಿ, ಅಯಸ್ಕಾಂತ ನಾನೇ ತರ್ತೀನಿ. ಯಾರಾದರೂ ಇದ್ದರೆ, ಕಾರು ನೋಡೋಕೆ ಹೋಗೋವಾಗ ಅವರನ್ನ ಮನೇಲಿ ಕಾಯೋರನ್ನೂ ಜೊತೆಗೆ ಕರ್ಕೊಂಡು ಹೋಗಿ.

ಮುಂದಿನ ಪೋಸ್ಟ್: ಹತ್ತು ಡಿಗ್ರಿ ಚಳಿಯಲ್ಲಿ ಟಾಪ್ ತೆಗೆದು, ಹೀಟರ್ ಹಾಕಿ ಓಡಿಸೋದು ಹೇಗೆ. ನಿಮ್ಮದು ಯಾವ ತಲೆಮಾರು, ಪಕ್ಕದಲ್ಲಿ ಯಾರು, ಕೆಳಗೆ ಬರೀರಿ.

#ಕನ್ನಡದಲ್ಲಿಕಾರು #ಎಂಎಕ್ಸ್5 #ಸೆಕೆಂಡ್‌ಹ್ಯಾಂಡ್ #ಇಂಗ್ಲೆಂಡ್‌ಕನ್ನಡಿಗರು