ನೀರೊಳಗಿನ ಎಮ್ಮೆ, ಫೋನಿನೊಳಗಿನ ಕುದುರೆ

‘ನೀರಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಿದಂತೆ’ ಎಂಬ ಗಾದೆಯನ್ನು ಕೇಳದವರು ಕಡಿಮೆ. ಕೆರೆಯಲ್ಲಿ ಮುಳುಗಿದ ಎಮ್ಮೆಯ ಕೊಂಬು ಮಾತ್ರ ಕಾಣುತ್ತದೆ. ಕಾಲು ಕುಂಟೋ, ಕೆಚ್ಚಲು ಹೇಗಿದೆಯೋ ದಡಕ್ಕೆ ಬಂದ ಮೇಲೆಯೇ ತಿಳಿಯಬೇಕು. ಈಗ ಕೆರೆಯ ಜಾಗಕ್ಕೆ ಮೊಬೈಲ್ ಬಂದಿದೆ, ಎಮ್ಮೆಯ ಜಾಗಕ್ಕೆ ಕುದುರೆಯೂ ಬಂದಿದೆ!

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯೊಂದರಲ್ಲಿ ಪಿಯುಸಿ ಮುಗಿಸಿದ ಹುಡುಗನಿಗೆ ಕುದುರೆಯ ಹುಚ್ಚು. ಕೊಡು–ಕೊಳ್ಳುವ ಜಾಲತಾಣವೊಂದರಲ್ಲಿ ಅವನ ಕಣ್ಣಿಗೆ ಕಂದು ಬಣ್ಣದ ಕುದುರೆಯೊಂದು ಬಿತ್ತು. ಮಾರ್ವಾಡಿ ತಳಿ, ನಾಲ್ಕು ವರ್ಷ, ಬೆಲೆ 80,000 ರೂಪಾಯಿ. ಸಂಜೆಯೊಳಗೆ 10,000 ಮುಂಗಡ ಕಳಿಸದಿದ್ದರೆ ಬೇರೆಯವರ ಪಾಲು!

“ಊರಿನ ತೋಟದಲ್ಲಿ ಕಟ್ಟಿದರಾಯಿತು. ಕಾಲೇಜಿನ ಫೀಜಿಗೆ ಆಮೇಲೆ ಸಾಲ ಮಾಡಬಹುದು, ಈ ಕುದುರೆ ಮತ್ತೆ ಸಿಗೋದಿಲ್ಲಪ್ಪ” ಎಂದು ಹುಡುಗ ಅಂಗಲಾಚಿದ. ಫೀಜಿಗೆಂದೇ ವರ್ಷಗಟ್ಟಲೆ ಕೂಡಿಟ್ಟಿದ್ದ ಅಪ್ಪ ಮಾತಾಡಲಿಲ್ಲ. ಹರೆಯದಲ್ಲಿ ದನದ ಜಾತ್ರೆಗಳನ್ನು ಸುತ್ತಿದ್ದ ಅಜ್ಜ ಮಾತ್ರ ಕೇಳಿದರು: “ಹಲ್ಲು ನೋಡಿದೆಯೇನೋ?”

ಅಜ್ಜನ ಪ್ರಶ್ನೆ ಸಣ್ಣದಲ್ಲ. ಕುದುರೆಯ ಕೆಳದವಡೆಯ ಮುಂಭಾಗದಲ್ಲಿ ಆರು ಬಾಚಿಹಲ್ಲುಗಳಿರುತ್ತವೆ. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ಹೊಸವು ಬರುತ್ತವೆ; ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಅಂಚಿನವು. ಐದಕ್ಕೆ ಬಾಯಿಗೂಡುತ್ತದೆ. ಮಾರುವವನು ಏನೇ ಹೇಳಲಿ, ಪ್ರಾಯದ ಕುದುರೆಯ ವಯಸ್ಸನ್ನು ಅದರ ಬಾಯಿಯೇ ಹೇಳುತ್ತದೆ. ಕುಂಟು ತಿಳಿಯಬೇಕಾದರೆ ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ ನೋಡಬೇಕು. ನಾಲ್ಕು ಗೊರಸುಗಳನ್ನೂ ಎತ್ತಿ ನೋಡಬೇಕು. ಪಶುವೈದ್ಯರಿಂದ ರಕ್ತಪರೀಕ್ಷೆಯೂ ಆಗಬೇಕು. ಏಕೆಂದರೆ ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯನಿಗೂ ಹರಡುವಂಥದು; ಅದಕ್ಕೆ ಲಸಿಕೆ ಇಲ್ಲ.

ದೂರದ ಕುದುರೆಯನ್ನು ಕಾಣದೆಯೇ ಕೊಂಡವರು ಹಿಂದೆಯೂ ಇದ್ದರು. ವಿಜಯನಗರಕ್ಕೆ ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ, ವರ್ತಕರು ಅದರ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು ಎಂದು 16ನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅರಸನ ಬೊಕ್ಕಸ ಆ ನಷ್ಟವನ್ನು ತಾಳಿಕೊಂಡೀತು. ಸಂಬಳದ ಮನೆ ತಾಳೀತೆ? ಅರಸನಿಗೆ ಬಾಲವಾದರೂ ಸಿಗುತ್ತಿತ್ತು. ಇಲ್ಲಿ ಅದೂ ಇಲ್ಲ!

ಹುಡುಗ ಮಾರುವವನಿಗೆ ಸಂದೇಶ ಕಳಿಸಿದ: ಕೆಳತುಟಿ ಎತ್ತಿ ಹಲ್ಲು ತೋರಿಸಿ, ನಡೆಸಿ ವಿಡಿಯೊ ಮಾಡಿ, ವಿಳಾಸ ಕೊಟ್ಟರೆ ಬಂದು ನೋಡುತ್ತೇವೆ. ಉತ್ತರವಾಗಿ ಬೆಲೆ 60,000ಕ್ಕೆ ಇಳಿಯಿತು, ಜೊತೆಗೆ ಹಣ ಕಳಿಸಲು ಕ್ಯೂಆರ್ ಕೋಡ್ ಬಂತು. ಕುದುರೆಯ ತುಟಿ ಮಾತ್ರ ಏಳಲಿಲ್ಲ. ಮುಂಗಡ ಹೋಗಲಿಲ್ಲ.

ಮೋಸವೇನೋ ತಪ್ಪಿತು. ಆದರೆ ಆ ಕುದುರೆ ನಿಜವೇ ಆಗಿದ್ದರೆ? ಆಗ ಅಪ್ಪ ಬಾಯಿಬಿಟ್ಟರು: “ತಂದ ಮೇಲೆ ನೋಡಿಕೊಳ್ಳೋರು ಯಾರು?” ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಹುಲ್ಲು ದಿನವಿಡೀ ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಮೇವು ದಿಢೀರನೆ ಬದಲಾದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಎರವಾಗಬಹುದು. ಚೆನ್ನಾಗಿ ಸಾಕಿದರೆ ಅದು 25–30 ವರ್ಷ ಬಾಳುತ್ತದೆ. ಹುಡುಗ ಓದಲು, ಕೆಲಸಕ್ಕೆ ಪರಊರಿಗೆ ಹೋದರೂ ತೋಟದಲ್ಲಿ ಕುದುರೆಗೆ ಹಸಿವಾಗುತ್ತಲೇ ಇರುತ್ತದೆ!

ಹುಡುಗ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮುಂದಿನ ಭಾನುವಾರ ಅಪ್ಪನೇ ಅವನನ್ನು ಹರಿಹರದ ಕಡೆ ಮದುವೆ ಮೆರವಣಿಗೆಗೆ ಕುದುರೆ ಸಾಕಿರುವವರ ಬಳಿ ಕರೆದೊಯ್ದರು. ಈಗ ಭಾನುವಾರಗಳಂದು ಅವನು ಅಲ್ಲಿ ಲದ್ದಿ ಬಾಚುತ್ತಾನೆ, ಮೈ ತಿಕ್ಕುತ್ತಾನೆ, ಗೊರಸು ಎತ್ತಿ ಹಿಡಿಯಲು ಕಲಿಯುತ್ತಿದ್ದಾನೆ. ಫೀಜಿನ ಹಣ ಬ್ಯಾಂಕಿನಲ್ಲಿದೆ.

ಜಾಲತಾಣ ಕುದುರೆ ಎಲ್ಲಿದೆ ಎಂದು ತಿಳಿಸೀತು. ಕೊಳ್ಳುವುದು ಮಾತ್ರ ಕಣ್ಣೆದುರೇ ಆಗಬೇಕು. ಅಕಸ್ಮಾತ್ ಹಣ ಕಳಿಸಿ ಮೋಸಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಕ್ಕಳ ಆಸೆಗೆ ಹೆತ್ತವರು ‘ಬೇಡ’ ಎನ್ನುವುದು ಸುಲಭ, ‘ಆಗಲಿ’ ಎನ್ನುವುದೂ ಸುಲಭ. ‘ಹಲ್ಲು ನೋಡಿದೆಯಾ?’ ಎಂದು ಕೇಳುವುದಕ್ಕೆ ತುಸು ತಾಳ್ಮೆ ಬೇಕು.