ಹರಿಹರದ ಲೇತು

ನಿವೃತ್ತಿಯಾದವರು ಮನೆಗೆ ಏನೇನೋ ತರುತ್ತಾರೆ. ನಾನು ಹಳೆಯ ಲೇತು ತಂದೆ. ಹೈದರಾಬಾದಿನ ಕುಷಾಯಿಗೂಡದಲ್ಲಿ ಇದೇನು ಅಂಥ ಅಪರೂಪದ ಸರಕಲ್ಲ. ಇಸಿಐಎಲ್ ಕಡೆಯಿಂದ ಚೆರ್ಲಪಲ್ಲಿಯವರೆಗೆ ಸಣ್ಣಪುಟ್ಟ ಕಾರ್ಖಾನೆಗಳು. ಒಂದು ಬಾಗಿಲು ಮುಚ್ಚಿದರೆ ಅದರ ಯಂತ್ರ ಗುಜರಿಗೆ ಬರುತ್ತದೆ. ಇಂಥ ಘಟಕಗಳಿಗೆ ಯಂತ್ರಗಳ ಮೇಲೆ ಸಾಲ ಕೊಟ್ಟವನೇ ನಾನು. ತಪಾಸಣೆಗೆ ಹೋಗಿ ನಂಬರು ಬರೆದುಕೊಂಡು, ಸವಕಳಿ ಲೆಕ್ಕ ನೋಡಿ ಬಂದೆನೇ ಹೊರತು ಒಂದನ್ನೂ ಮುಟ್ಟಿದವನಲ್ಲ.

ಗುಜರಿಯವನ ಶೆಡ್ಡಿನಲ್ಲಿ ಮಸಿ ಒರೆಸಿದಾಗ 'ಮೈಸೂರು ಕಿರ್ಲೋಸ್ಕರ್, ಹರಿಹರ' ಎಂಬ ಪಟ್ಟಿ ಕಂಡಿತು. ನಿಂತುಬಿಟ್ಟೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ. ನಮ್ಮಪ್ಪ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಂಥದೇ ಲೇತಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತವರು. ನನ್ನನ್ನು ಮಾತ್ರ ಹತ್ತಿರ ಬಿಡಲಿಲ್ಲ. "ನಿನ್ ಕೈ ಮಸಿ ಆಗಬಾರದು, ಓದು" ಎಂದರು. ಎಂ.ಕಾಂ. ಓದಿದೆ. ಕೈ ಮಸಿಯಾಗಲಿಲ್ಲ.

ತೂಕದ ಮೇಲೆ ಬೆಲೆ ಕಟ್ಟಿದ. ನಾಲ್ಕೂವರೆ ಅಡಿಯ ಬೆಡ್ಡನ್ನು ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸಿಕೊಂಡು ಕಾರು ನಿಲ್ಲಿಸುವ ಜಾಗಕ್ಕೆ ಸೇರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. "ಏನ್ರೀ, ಮನೀನ ಗುಜರಿ ಅಂಗಡಿ ಮಾಡ್ತೀರೇನು?" ಎಂದಳು ನನ್ನಾಕೆ. ಪಕ್ಕದ ಬೀದಿಯ ಟರ್ನರ್ ನಕ್ಕು, "ಈ ವಯಸುಲೋ ಮೀಕೆಂದುಕು ಸಾರ್ ಇದಿ?" ಎಂದ. ಈ ವಯಸ್ಸಿನಲ್ಲಿ ಯಾಕೆ? ನನ್ನಲ್ಲೂ ಉತ್ತರವಿರಲಿಲ್ಲ.

ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆಯಲು ಒಂದು ವಾರ ಹಿಡಿಯಿತು. ಮನೆಯಲ್ಲಿದ್ದದ್ದು ಸಿಂಗಲ್ ಫೇಸ್, ಮೋಟಾರು ತ್ರೀ ಫೇಸಿನದು. ಎಲೆಕ್ಟ್ರಿಷಿಯನ್ ಮೋಟಾರಿನ ಜೋಡಣೆಯನ್ನು ಸ್ಟಾರಿನಿಂದ ಡೆಲ್ಟಾಕ್ಕೆ ಬದಲಿಸಿ, ನಡುವೆ ಒಂದು ಡ್ರೈವ್ ಕೂರಿಸಿದ. ಇನ್ನು ಮಟ್ಟ ಮಾಡುವುದು. ಗಾರೆಯವರ ರಸಮಟ್ಟವಿಟ್ಟು ಸರಿಯಾಯಿತೆಂದುಕೊಂಡೆ. ಟರ್ನರ್ ತಲೆಯಾಡಿಸಿದ. ಚಕ್ಕಿಗೆ ಒಂದು ಸರಳು ಕಚ್ಚಿಸಿ, ಇನ್ನೊಂದು ತುದಿಗೆ ಆಸರೆ ಕೊಡದೆ, ಉಳಿಯ ಅಳತೆ ಬದಲಿಸದೆ ಎರಡು ಕಡೆ ಹಗುರವಾಗಿ ತಿರುವಿದ. ಮೈಕ್ರೋಮೀಟರ್ ಹಿಡಿದರೆ ಹೊರತುದಿ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ದಪ್ಪ! ಬೆಡ್ಡು ತಿರುಚಿಕೊಂಡಿದೆ ಎಂದರ್ಥ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಕೂದಲೆಳೆಯಷ್ಟು ಎತ್ತಬೇಕು, ಮತ್ತೆ ತಿರುವಬೇಕು, ಮತ್ತೆ ಅಳೆಯಬೇಕು.

ಇದು ನನಗೆ ಗೊತ್ತಿದ್ದ ಕೆಲಸವೇ. ಲೆಡ್ಜರಿನ ಕಾಲದಲ್ಲಿ ನಾಲ್ಕು ಪೈಸೆ ತಾಳೆಯಾಗದೆ ರಾತ್ರಿ ಹತ್ತರವರೆಗೆ ಕೂತವರಲ್ಲವೇ ನಾವು? ಮೂರನೆಯ ಸಂಜೆ ಎರಡೂ ತುದಿ ತಾಳೆಯಾದವು.

ಮರುದಿನ ತುಂಬುತೋಳು ಮಡಚಿ, ಉಂಗುರ ತೆಗೆದಿಟ್ಟು, ಒಬ್ಬನೇ ನಿಂತೆ. ಅಪ್ಪ ಎಂದೂ ತುಂಬುತೋಳಿನ ಅಂಗಿ ತೊಡುತ್ತಿರಲಿಲ್ಲ. ತಿರುಗುವ ಚಕ್ಕು ತೋಳನ್ನು ಎಳೆದುಕೊಳ್ಳುತ್ತದೆಂದು ಈಗ ತಿಳಿಯಿತು. ನಾನು ಅದನ್ನು ಬಡತನ ಅಂದುಕೊಂಡಿದ್ದೆ. ಗೆಳೆಯರ ಮುಂದೆ ನಾಚಿಕೊಂಡದ್ದೂ ಉಂಟು.

ಮನೆಯ ಗೇಟಿಗೆ ಒಂದು ಕೀಲು ತಿರುವಿದೆ. ಅಳತೆ ಸರಿ ಬಂತು, ನುಣುಪು ಬರಲಿಲ್ಲ. ಊಟಕ್ಕೆ ಕೂರುವ ಮುಂಚೆ ಎರಡು ಸಲ ಸೋಪು ಹಚ್ಚಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಹೆಂಡತಿ ನೋಡಿ, "ಥೇಟ್ ಮಾವನೋರ ಕೈ" ಎಂದಳು. ಮೂರನೆಯ ಸಲ ಸೋಪು ಹಚ್ಚಲಿಲ್ಲ.